ಬಾಯಿಲ್ಲದ ಕೀಲು

ಕಳೆದ ಪುಷ್ಯದಲ್ಲಿ ಸಿರಾದಿಂದ ಮಧುಗಿರಿಗೆ ಬರುತ್ತಿದ್ದೆವು. ಹೆದ್ದಾರಿ ಬಿಟ್ಟು ಬಡವನಹಳ್ಳಿ ಕಡೆಗೆ ಹೊರಳಿ ಸ್ವಲ್ಪ ದೂರ ಬಂದಿದ್ದೆವೋ ಇಲ್ಲವೋ, ಒಂದು ತಿರುವಿನಾಚೆ ಡಾಂಬರೇ ಕಾಣದ ಹಾಗೆ ಹುರುಳಿ ಹರವಿದ್ದರು. ಕಾರು ಓಡಿಸುತ್ತಿದ್ದವನು ಮಗ. ನಿಲ್ಲಿಸು ಅಂದೆ. ರಸ್ತೆ ಬದಿಯಲ್ಲಿ ಸೆರಗು ತಲೆಗೆ ಹೊದ್ದು ಕೂತಿದ್ದ ಹೆಂಗಸು, "ಹತ್ತುಸ್ಕಂಡ್ ಹೋಗ್ರಣ್ಣ, ಏನೂ ಆಗಕಿಲ್ಲ. ಈಗ್ತಾನೆ ಬಸ್ಸು ಹೋತು" ಅಂದಳು. ಮಗನೂ ಅದನ್ನೇ ಅಂದ. ಅವರಿಬ್ಬರ ಮುಂದೆ ನನ್ನ ಮಾತು ನಡೆಯಲಿಲ್ಲ.

ಬಸ್ಸಿನ ಮಾತು ಬೇರೆ. ಅದು ಎತ್ತರದ ಗಾಡಿ, ಅದನ್ನು ನೂಕುವ ಶಾಫ್ಟು ನಡು ಹೊಟ್ಟೆಯಲ್ಲಿ ಹಾದು ಹಿಂದಿನ ಚಕ್ರಕ್ಕೆ ಹೋಗುತ್ತದೆ. ನಮ್ಮದು ಮುಂದಿನ ಚಕ್ರದಿಂದ ಎಳೆಯುವ ಸಣ್ಣ ಕಾರು. ಮುಂಗಾಲುಗಳ ನಡುವೆ, ನೆಲಕ್ಕೆ ಮೊಳದೆತ್ತರವೂ ಇಲ್ಲದ ಕಡೆ, ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಗಿರಗಿರನೆ ತಿರುಗುತ್ತಿರುತ್ತದೆ. ಹುರುಳಿ ಬಳ್ಳಿಗೆ ಅದಕ್ಕಿಂತ ಒಳ್ಳೆಯ ಆಸರೆ ಇನ್ನೆಲ್ಲಿ ಸಿಗಬೇಕು? ಹರವಿದ್ದು ದಾಟಿ ನೂರು ಗಜ ಹೋಗುವಷ್ಟರಲ್ಲಿ ಕೆಳಗಿನಿಂದ ಸರಸರ ಸದ್ದು, ಆಮೇಲೆ ಹುಲ್ಲು ಸೀದ ವಾಸನೆ. ಹೀಗೆ ಸುತ್ತಿಕೊಂಡ ಹುಲ್ಲಿಗೆ ಬಿಸಿ ಸೈಲೆನ್ಸರ್ ತಾಗಿ ಕಾರುಗಳು ಹೊತ್ತಿ ಉರಿದದ್ದೂ ಉಂಟು.

ಟವೆಲ್ ಹಾಸಿಕೊಂಡು ಅಡಿಗೆ ನುಸುಳಿದೆ. ಐವತ್ತು ದಾಟಿದವನ ಸೊಂಟ ಅದಕ್ಕೆ ಒಪ್ಪಲಿಲ್ಲ, ಆದರೂ ನುಸುಳಿದೆ. ಎಡಗಡೆ ಆಕ್ಸಲ್ಲಿಗೆ ಬಳ್ಳಿ ಹಗ್ಗ ಹೊಸೆದ ಹಾಗೆ ಬಿಗಿದಿತ್ತು. ಆ ಹೆಂಗಸೇ ಓಡಿ ಬಂದು ಕುಡುಗೋಲು ಕೊಟ್ಟಳು, ಜೊತೆಗೆ ಒಂದಿಷ್ಟು ಬೈಗುಳವನ್ನೂ, ತನಗೇ. ಕೊಯ್ದು ಎಳೆದು ತೆಗೆದರೆ ಒಳಗೆ ಕೀಲಿಗೆ ಹೊದಿಸಿದ ರಬ್ಬರ್ ಬೂಟು ಹರಿದಿತ್ತು.

"ಏನಾಯ್ತಪ್ಪ?"

"ಬೂಟು ಹರಿದಿದೆ."

ಮಗ ನನ್ನ ಕಾಲು ನೋಡಿದ.

ಚಕ್ರದ ಒಳಮೈಗೆಲ್ಲ ಕರಿ ಗ್ರೀಸ್ ಸಿಡಿದಿತ್ತು. ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ನುಣ್ಣಗಿರಬೇಕಾದದ್ದು ಗರಗರ ಅಂದಿತು. ಮರಳು. ಅಂದರೆ ಬೂಟು ಇವತ್ತು ಹರಿದದ್ದಲ್ಲ, ಯಾವತ್ತೋ ಬಿರುಕು ಬಿಟ್ಟಿತ್ತು, ಹುರುಳಿ ಬಳ್ಳಿ ಉಳಿದದ್ದನ್ನು ಮುಗಿಸಿತ್ತು. ಆ ಗರಗರ ನನ್ನ ಬೆರಳಿಗೆ ಚೆನ್ನಾಗಿ ಗೊತ್ತು. 1991ರ ಶ್ರಾವಣದಿಂದ ಗೊತ್ತು.

ಅದರ ಹಿಂದಿನ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿದ್ದೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಸೋಮವಾರ ಕರೆದುಕೊಂಡು ಹೋಗಿ ಮಧುಗಿರಿಯಲ್ಲಿ ಪಾವಗಡ ರಸ್ತೆಯ ಒಂದು ಗ್ಯಾರೇಜಿನಲ್ಲಿ ಬಿಟ್ಟು ಬಂದರು. ತಗಡಿನ ಚಪ್ಪರ, ಒಂದು ಹುಣಸೆಮರ, ಎಣ್ಣೆ ಕುಡಿದು ಕಪ್ಪಾದ ನೆಲ. ತಲೆ ಎತ್ತಿದರೆ ಏಕಶಿಲೆಯ ಬೆಟ್ಟ. ಬೇಸಿಗೆಯಲ್ಲಿ ಆ ಬಂಡೆ ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿ ಉಗುಳುತ್ತಿತ್ತು. ವಾರಕ್ಕೆ ಹತ್ತು ರೂಪಾಯಿ, ಮಧ್ಯಾಹ್ನದ ಊಟ ನಮ್ಮದೇ.

ಯಜಮಾನರನ್ನು ನಾವು ಉಸ್ತಾದ್ ಅನ್ನುತ್ತಿದ್ದೆವು. ಊರೂ ಹಾಗೇ ಅನ್ನುತ್ತಿತ್ತು. ಹಳೆಯ ಲಾರಿ ಟೈರಿನ ಮೇಲೆ ಕೂತು, ರಸ್ತೆಯಲ್ಲಿ ಬರುವ ಅಂಬಾಸಿಡರ್ ಕಣ್ಣಿಗೆ ಬೀಳುವ ಮೊದಲೇ, "ಕ್ರಾಸ್ ಹೋಗೈತೆ" ಅನ್ನುವರು, ಇಲ್ಲವೆ "ಹೌಸಿಂಗ್‌ನಾಗೆ ಎಣ್ಣೆ ಇಲ್ಲ" ಅನ್ನುವರು. ಗಾಡಿ ಬಂದು ನಿಂತ ಮೇಲೆ ನೋಡಿದರೆ ಅದೇ ಆಗಿರುತ್ತಿತ್ತು. ನನ್ನ ಮೊದಲ ಕೆಲಸ ಗ್ರೀಸ್ ಗನ್ ಹಿಡಿಯುವುದು. ಅಂಬಾಸಿಡರಿನ ಅಡಿಯಲ್ಲಿ ತಿರುಗುವ, ಬಾಗುವ ಕೀಲುಗಳಿಗೆಲ್ಲ ಒಂದೊಂದು ಪುಟ್ಟ ನಿಪ್ಪಲ್ ಇರುತ್ತದೆ. ಉಸ್ತಾದ್ ಅದನ್ನು ಬಾಯಿ ಅನ್ನುತ್ತಿದ್ದರು. "ಎಲ್ಲ ಬಾಯಿಗೂ ಉಣ್ಣಿಸಿದ್ಯೇನೋ?" ಅಂತ ಕೇಳುವರು. ಒಂದು ಬಾಯಿ ಬಿಟ್ಟರೂ ಬೆನ್ನ ಮೇಲೆ ಫ್ಯಾನ್ ಬೆಲ್ಟಿನ ಏಟು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ, ಏಟು ನಿಜಕ್ಕೂ ಉರಿಯುತ್ತಿತ್ತು.

ಆ ಗ್ಯಾರೇಜಿಗೆ ಮೊದಲ ಮಾರುತಿ ಬಂದದ್ದು ನಾನು ಸೇರಿದ ಕೆಲವೇ ತಿಂಗಳಲ್ಲಿ. ಇಂದಿರಾಗಾಂಧಿ ಮೊದಲ ಮಾರುತಿ 800ರ ಬೀಗದ ಕೈ ಕೊಟ್ಟದ್ದು 1983ರ ಡಿಸೆಂಬರ್ 14ರಂದು. ನಮ್ಮ ಕಡೆಗೆ ಅದು ನಿಧಾನವಾಗಿ, ಬೆಂಗಳೂರಿನಲ್ಲಿ ಒಬ್ಬರೋ ಇಬ್ಬರೋ ಓಡಿಸಿ ಬಿಟ್ಟ ಮೇಲೆ ಬಂತು. ತಂದವರು ಕಡಲೆಕಾಯಿ ಮಂಡಿಯ ಸಾಹುಕಾರರು. ಬಿಳಿ ಬಣ್ಣ, 796 ಸಿ.ಸಿ., ಮೂರೇ ಸಿಲಿಂಡರ್, 12 ಇಂಚಿನ ಆಟಿಕೆಯಂಥ ಚಕ್ರ. ಉಸ್ತಾದ್ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. "ಎಂಜಿನ್ನ ಅಡ್ಡ ಮಲಗಿಸವ್ರೆ" ಅಂದರು. ಅಡಿಗೆ ಇಣುಕಿ ಪ್ರೊಪೆಲ್ಲರ್ ಶಾಫ್ಟ್ ಹುಡುಕಿದರು. ಇರಲಿಲ್ಲ. ಹಿಂದೆ ಹೌಸಿಂಗ್ ಹುಡುಕಿದರು. ಇರಲಿಲ್ಲ. ನನ್ನನ್ನು ಗ್ರೀಸ್ ಗನ್ ಸಮೇತ ಅಡಿಗೆ ಬಿಟ್ಟರು. ಮುಂದಿನ ಆಕ್ಸಲ್ಲಿನ ಎರಡೂ ತುದಿ ತಡವಿ, "ಬಾಯಿ ಸಿಗ್ತಿಲ್ಲ ಉಸ್ತಾದ್" ಅಂದೆ. ಅವರೂ ಮಲಗಿ ನೋಡಿ, ಅಕಾರ್ಡಿಯನ್ನಿನ ಹೊಟ್ಟೆಯ ಹಾಗೆ ನಿರಿಗೆ ನಿರಿಗೆಯಾಗಿದ್ದ ರಬ್ಬರ್ ಚೀಲವನ್ನು ಬೆರಳಿಂದ ಒತ್ತಿ, "ಇದಕ್ಕೆ ಬಾಯೇ ಇಲ್ಲ ಕಣೋ. ಹೊಟ್ಟೆ ತುಂಬಿಸಿ ಹೊಲಿದುಬಿಟ್ಟವ್ರೆ" ಅಂದರು. ಅದಕ್ಕಿಂತ ಸರಿಯಾದ ವಿವರಣೆಯನ್ನು ಆಮೇಲೆ ಯಾವ ಪುಸ್ತಕದಲ್ಲೂ ನಾನು ಓದಲಿಲ್ಲ.

ಎಳೆಯುವ ಚಕ್ರವೇ ಎಡಬಲಕ್ಕೆ ತಿರುಗಲೂ ಬೇಕು, ಹಳ್ಳದಿಣ್ಣೆಗೆ ಏರಿಳಿಯಲೂ ಬೇಕು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ನಂಥ ಕೀಲು ಇಲ್ಲಿ ನಡೆಯದು. ಅದು ಹೆಚ್ಚು ಬಾಗಿದರೆ ಒಂದೊಂದು ಸುತ್ತಿಗೂ ಎರಡೆರಡು ಸಲ ಜಗ್ಗುತ್ತದೆ. ಎಷ್ಟೇ ಬಾಗಿದರೂ ಒಂದೇ ವೇಗದಲ್ಲಿ ತಿರುಗುವ ಕೀಲು ಬೇಕು. ಆರು ಉಕ್ಕಿನ ಗುಂಡುಗಳು ತೋಡುಗಳಲ್ಲಿ ಜಾರುವ ಅಂಥ ಕೀಲನ್ನು 1920ರ ದಶಕದಲ್ಲಿ ಕಂಡುಹಿಡಿದವನು ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್ಫ್ರೆಡ್ ರ್ಜೆಪ್ಪಾ. 1959ರಲ್ಲಿ ಇಂಗ್ಲೆಂಡಿನ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡ ಮಲಗಿಸಿ ಮಿನಿ ಕಾರು ಮಾಡಿದಾಗ ಅದೇ ಕೀಲು ಚಕ್ರದ ಪಕ್ಕಕ್ಕೆ ಬಂತು. ಇವೆಲ್ಲ ನನಗೆ ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆ ಸೇರಿದ ಮೇಲೆ ತಿಳಿದವು. ಆವತ್ತು ಮಂಡಿ ಸಾಹುಕಾರರಿಗೆ ಉಸ್ತಾದ್ ಹೇಳಿದ್ದು ಇಷ್ಟೆ: "ಅಂಬಾಸಿಡರು ಹಿಂದಿಂದ ನೂಕ್ತದೆ ಸಾಹುಕಾರ್ರೆ, ಇದು ಎತ್ತಿನ ಗಾಡಿ, ಮುಂದಿಂದ ಎಳಿತದೆ. ನೀವು ಇದನ್ನ ತುಮಕೂರಿನಾಗೆ ತೋರ್ಸಿ." ನಾವು ಹುಡುಗರು ಹಿಂದೆ ನಿಂತು ನಕ್ಕೆವು. ಉಸ್ತಾದ್ ಹೆದರಿದರು ಅಂದುಕೊಂಡೆವು.

ಎತ್ತಿನ ಗಾಡಿಯ ಹೋಲಿಕೆ ಎಲ್ಲ ಕಡೆಗೂ ಸರಿಹೋಗುತ್ತಿರಲಿಲ್ಲ. ಸಾಹುಕಾರರ ಡ್ರೈವರ್ ಇಪ್ಪತ್ತು ವರ್ಷ ಅಂಬಾಸಿಡರ್ ಓಡಿಸಿದ ಆಸಾಮಿ. ಕೆರೆ ಏರಿಯ ಮೇಲೆ ಮಳೆ ಬಿದ್ದಾಗ ಅಂಬಾಸಿಡರಿನ ಬಾಲ ಆ ಕಡೆ ಈ ಕಡೆ ಒಲೆಯುತ್ತದೆ, ಅದನ್ನು ಸ್ಟಿಯರಿಂಗಿನಲ್ಲಿ ಹಿಡಿಯುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಮಾರುತಿಯ ಬಾಲ ಒಲೆಯಲಿಲ್ಲ. ಜಲ್ಲಿ ತಿರುವಿನಲ್ಲಿ ಅವನು ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗದೆ ನೆಟ್ಟಗೆ ಹೋಗಿ ಬಳ್ಳಾರಿ ಜಾಲಿಯ ಪೊದೆಗೆ ನುಗ್ಗಿತು. ಎಳೆಯುವ ಚಕ್ರಕ್ಕೇ ತಿರುಗುವ ಕೆಲಸವನ್ನೂ ಹಚ್ಚಿ, ಮೇಲೆ ಆಕ್ಸಿಲರೇಟರನ್ನೂ ತುಳಿದರೆ ಅದು ಎರಡನ್ನೂ ಮಾಡಲಾರದು. ಕಾಲನ್ನು ಮೆಲ್ಲಗೆ ಸಡಿಲಿಸಬೇಕು. ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ, ಗಾಬರಿಯಲ್ಲಿ ಬ್ರೇಕ್ ತುಳಿಯಲಂತೂ ಬಾರದು. ಇದನ್ನು ಡ್ರೈವರಿಗೆ ಕಲಿಸಿದ್ದು ಜಾಲಿ ಮುಳ್ಳೇ.

ಕೊರಟಗೆರೆ ಕಡೆ ಜಯಮಂಗಲಿಯ ಮರಳಿನಲ್ಲಿ ಆದದ್ದು ಇನ್ನೊಂದು. ಗೊರವನಹಳ್ಳಿ ಲಕ್ಷ್ಮಿಗೆ ಹೋಗಿ ಬರುವಾಗ ಸಾಹುಕಾರರ ಮನೆಯವರು ಹೊಳೆ ಪಕ್ಕದ ತೋಟಕ್ಕೆ ಇಳಿದಿದ್ದರು. ಹತ್ತುವಾಗ ದಡ ಏರಲಿಲ್ಲ, ಮುಂದಿನ ಚಕ್ರ ಸುಮ್ಮನೆ ಮರಳು ತೋಡುತ್ತಿತ್ತು. ನಮಗೆ ಕರೆ ಬಂದು ಉಸ್ತಾದ್ ಜೊತೆ ನಾವು ಇಬ್ಬರು ಹುಡುಗರು ಹೋದೆವು. ಅಂಬಾಸಿಡರ್ ಸಿಕ್ಕಿಬಿದ್ದರೆ ನಾಲ್ಕು ಜನ ಡಿಕ್ಕಿಯ ಮೇಲೆ ಹತ್ತುವುದು ವಾಡಿಕೆ, ಭಾರ ಬಿದ್ದರೆ ಹಿಂದಿನ ಚಕ್ರ ಕಚ್ಚುತ್ತದೆ. ಅದೇ ಅಭ್ಯಾಸದಲ್ಲಿ ಹತ್ತಿದೆವು. ಮೂತಿ ಮೇಲೆದ್ದು ಚಕ್ರ ಇನ್ನೂ ಜೋರಾಗಿ ತಿರುಗಿತು. ಉಸ್ತಾದ್ ತಲೆ ಕೆರೆದುಕೊಂಡು ನಿಂತರು. ರೇಗಿಹೋದ ಡ್ರೈವರ್ ಗಾಡಿಯನ್ನು ಹಿಂದುಮುಂದು ಮಾಡಿ ರಿವರ್ಸ್ ಹಾಕಿದ. ಮಾರುತಿ ಹಿಮ್ಮುಖವಾಗಿ ಸರಾಗ ದಡ ಹತ್ತಿತು. ಏರಿನಲ್ಲಿ ಭಾರವೆಲ್ಲ ತಗ್ಗಿನ ಕಡೆಗೆ ಜಾರುತ್ತದಲ್ಲ, ರಿವರ್ಸಿನಲ್ಲಿ ತಗ್ಗಿನ ಕಡೆ ಇದ್ದದ್ದು ಎಳೆಯುವ ಚಕ್ರ. ಲಗೇಜು ತುಂಬಿ ಕಡಿದಾದ ಏರಿನಲ್ಲಿ ಸಿಕ್ಕಿಕೊಂಡವರಿಗೆ ಈಗಲೂ ನಾನು ಇದನ್ನೇ ಹೇಳುತ್ತೇನೆ.

ಉಸ್ತಾದ್‌ಗೆ ಆ ಕಂಪನಿಯ ಗಾಡಿಯಲ್ಲಿ ಇಷ್ಟವಾದದ್ದು ಮಾರುತಿ ವ್ಯಾನ್. ಕಾರಣ ಸರಳ. ಅದರ ಎಂಜಿನ್ ಡ್ರೈವರಿನ ಕುಂಡೆಯ ಕೆಳಗಿದ್ದರೂ ನೂಕುವುದು ಹಿಂದಿನ ಚಕ್ರವೇ, ಶಾಫ್ಟು ಉಂಟು, ಹೌಸಿಂಗ್ ಉಂಟು, ಕಮಾನು ಪಟ್ಟಿ ಉಂಟು. ಒಂದೇ ಮನೆಯ ಮಕ್ಕಳಲ್ಲಿ ಒಬ್ಬ ಮಾತ್ರ ತಾತನ ಹಾಗೆ ಹುಟ್ಟಿದಂತೆ.

ಈಗ ಶ್ರಾವಣದ ಸಂಗತಿ. ಈ ಕಥೆಯನ್ನು ಪೀಣ್ಯದ ಕ್ಯಾಂಟೀನಿನಲ್ಲಿ ನಾನು ಹತ್ತಾರು ಸಲ ಹೇಳಿದ್ದೇನೆ. ಪ್ರತಿ ಸಲವೂ "ನಮ್ಮ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಇದ್ದ" ಅಂತಲೇ ಶುರುಮಾಡಿದ್ದೇನೆ.

ಶುಕ್ರವಾರ ಮಧ್ಯಾಹ್ನ. ಉಸ್ತಾದ್ ನಮಾಜು ಮುಗಿಸಿ ಸಿರಾದಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಸಾಹುಕಾರರ ಡ್ರೈವರ್ ಮಾರುತಿ ತಂದು ನಿಲ್ಲಿಸಿ, "ತಿರುಗ್ಸಿದ್ರೆ ಟಕ್ ಟಕ್ ಅಂತೈತೆ. ಬೆಳಿಗ್ಗೆ ಪಾವಗಡಕ್ಕೆ ಹೋಗ್ಬೇಕು, ಶ್ರಾವಣ ಶನಿವಾರ" ಅಂದ. ಪಾವಗಡದ ಶನಿಮಹಾತ್ಮನಿಗೆ ಶ್ರಾವಣದ ಶನಿವಾರಗಳಲ್ಲಿ ನಡೆದುಕೊಳ್ಳುವವರು ಮೂರು ಕಡೆಯಿಂದ ಸುತ್ತಿಕೊಂಡ ಆಂಧ್ರದಿಂದಲೂ ಬರುತ್ತಾರೆ. ಇಲ್ಲ ಅನ್ನುವ ಅಧಿಕಾರ ನನಗಿತ್ತು, "ಮಾರುತಿ ಬಂದ್ರೆ ತುಮಕೂರಿಗೆ ಕಳ್ಸು" ಎಂದು ಉಸ್ತಾದ್ ಸ್ಪಷ್ಟವಾಗಿ ಹೇಳಿದ್ದರು. ಹದಿನೇಳು ವರ್ಷದ ನನಗೆ ಗ್ಯಾರೇಜಿನಲ್ಲಿ ದೊಡ್ಡವರು ಯಾರೂ ಇಲ್ಲದ ಆ ಮಧ್ಯಾಹ್ನ ಬೇರೆಯದೇ ತೋರಿತು.

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಿದೆ. ಎಡಗಡೆ ಬೂಟು ನಿರಿಗೆಯಲ್ಲಿ ಸೀಳಿತ್ತು. ಒಳಗಿನ ಗ್ರೀಸ್ ಮುಕ್ಕಾಲು ಹೊರಹೋಗಿ ಅದರ ಜಾಗಕ್ಕೆ ನಮ್ಮ ಸೀಮೆಯ ಕೆಂಪು ಮರಳು ಬಂದು ಸೇರಿತ್ತು. ಮಾಡಬೇಕಾದದ್ದು ಆಕ್ಸಲ್ ಇಳಿಸಿ, ಕೀಲು ಬಿಚ್ಚಿ, ಕೊನೆಯ ಹರಳು ಹೋಗುವ ತನಕ ತೊಳೆದು, ಗುಂಡು ಮತ್ತು ತೋಡು ಸವೆದಿವೆಯೇ ನೋಡಿ, ಆ ಕೀಲಿಗೆಂದೇ ಬರುವ ಮಾಲಿಬ್ಡಿನಮ್ ಬೆರೆತ ಕರಿ ಗ್ರೀಸ್ ಅಳತೆಯಷ್ಟು ತುಂಬಿ ಹೊಸ ಬೂಟು ಕಟ್ಟುವುದು. ನಾನು ಮಾಡಿದ್ದು ಇಷ್ಟು: ಸೀಳಿನೊಳಗೆ ಬೆರಳಿಂದ ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ತುರುಕಿ, ಮೇಲೆ ಸೈಕಲ್ ಟ್ಯೂಬ್ ಸುತ್ತಿ, ಬೈಂಡಿಂಗ್ ತಂತಿಯಿಂದ ಬಿಗಿದೆ. ಗ್ಯಾರೇಜಿನಲ್ಲಿ ಪೇಸ್ಟ್ ಹಚ್ಚಿ ವಾಲ್ವ್ ಉಜ್ಜುವ ಕೆಲಸ ನನ್ನದೇ ಆಗಿತ್ತು. ಗ್ರೀಸಿನಂಥ ಮೈಯಲ್ಲಿ ಹರಳು ಕಲಸಿದರೆ ಉಕ್ಕನ್ನೂ ತಿನ್ನುತ್ತದೆ ಎಂದು ದಿನವೂ ಕೈಯಲ್ಲಿ ನೋಡುತ್ತಿದ್ದವನು, ಅದೇ ಪೇಸ್ಟನ್ನು ಆ ಕೀಲಿನೊಳಗೆ ತಯಾರಿಸಿ ಹೊಲಿದುಬಿಟ್ಟೆ. ತಮಾಷೆಯೆಂದರೆ ಸದ್ದು ನಿಂತಿತು. ಹೊಸ ಗ್ರೀಸ್ ತುಂಬಿದರೆ ಸವೆದ ಕೀಲೂ ಸ್ವಲ್ಪ ಹೊತ್ತು ತೆಪ್ಪಗಿರುತ್ತದೆ. ಡ್ರೈವರ್ ಎರಡು ಸುತ್ತು ಹೊಡೆದು ಖುಷಿಯಾಗಿ ಇಪ್ಪತ್ತು ರೂಪಾಯಿ ಕೊಟ್ಟ. ಎರಡು ವಾರದ ಸಂಬಳ. ಅದನ್ನು ಉಸ್ತಾದ್‌ಗೆ ತೋರಿಸಲಿಲ್ಲ.

ಮಾರನೆಯ ದಿನ ಮಿಡಿಗೇಶಿ ದಾಟಿದ ಮೇಲೆ ಗಾಡಿ ನಿಂತಿತು. ಎಂಜಿನ್ ಓಡುತ್ತದೆ, ಗೇರ್ ಬೀಳುತ್ತದೆ, ಕಾರು ಕದಲುವುದಿಲ್ಲ. ಒಂದು ಕಡೆಯ ಕೀಲು ಒಡೆದರೆ ಎಂಜಿನ್ನಿನ ಬಲವೆಲ್ಲ ಆ ಮುರುಕು ಆಕ್ಸಲ್ಲನ್ನು ಸುಮ್ಮನೆ ತಿರುಗಿಸುವುದಕ್ಕೇ ಹೋಗಿಬಿಡುತ್ತದೆ. ಸಾಹುಕಾರರ ವಯಸ್ಸಾದ ತಾಯಿ, ಹೆಂಡತಿ, ಎಳ್ಳೆಣ್ಣೆಯ ಡಬ್ಬ, ಕಪ್ಪು ವಸ್ತ್ರ ಎಲ್ಲ ರಸ್ತೆ ಬದಿಗೆ ಬಂದವು. ಖಾಸಗಿ ಬಸ್ಸಿನ ನೂಕುನುಗ್ಗಲಲ್ಲಿ ಅವರು ಪಾವಗಡ ಸೇರಿದರಂತೆ. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಸಂಜೆ ನಮ್ಮಲ್ಲಿಗೆ ಎಳೆದು ತಂದರು. ಸಾಹುಕಾರರು ಯಾರನ್ನೂ ಬೈಯಲಿಲ್ಲ. "ಶನಿ ಬಾಗಿಲ ತನಕ ಬಿಡಲಿಲ್ಲ, ಪರೀಕ್ಷೆ ಮಾಡಿದ" ಅಂದರು. ನನ್ನನ್ನು ಆವತ್ತು ಕಾಪಾಡಿದ್ದು ಶನಿಮಹಾತ್ಮನೇ. ಅವನು ಕಾಪಾಡಿದವರ ಪಟ್ಟಿ ಚಿಕ್ಕದು ಅಂತಾರೆ.

ಉಸ್ತಾದ್ ಬಿಚ್ಚಿದಾಗ ಮೊದಲು ಸಿಕ್ಕಿದ್ದು ಸೈಕಲ್ ಟ್ಯೂಬ್. ಅದನ್ನು ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡರು. ಸಾಹುಕಾರರ ಕಡೆ ತಿರುಗಿ, "ನಮ್ಮ ಕೈಯಿಂದ ತಪ್ಪಾಗೈತೆ. ಖರ್ಚು ನಂದು" ಅಂದರು. ಸೋಮವಾರ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಜೆ.ಸಿ. ರಸ್ತೆಯಲ್ಲಿ ಅಲೆದು ಆಕ್ಸಲ್ ತಂದು ಹಾಕಿದರು. ಎಷ್ಟು ಕೊಟ್ಟರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಫ್ಯಾನ್ ಬೆಲ್ಟಿಗಾಗಿ ಬೆನ್ನು ಒಂದು ವಾರ ಕಾಯಿತು. ಏಟು ಬೀಳಲಿಲ್ಲ. ಬದಲಿಗೆ ಒಂದು ಸಂಜೆ ಹಳೆ ಕೀಲನ್ನು ಸೀಮೆಎಣ್ಣೆ ಡಬ್ಬದಲ್ಲಿ ಅದ್ದಿ ನನ್ನ ಮುಂದಿಟ್ಟರು. "ಬಿಚ್ಚು. ಮತ್ತೆ ಸೇರ್ಸು. ನಾನೂ ನೋಡ್ತೀನಿ."

ಒಡೆದದ್ದು ಹೊರಬಟ್ಟಲಿನ ಅಂಚು ಮತ್ತು ಒಂದು ಗುಂಡು. ಐದು ನೆಟ್ಟಗಿದ್ದವು. ಅಳತೆಗೆ ಸಮನಾದ ಇನ್ನೊಂದನ್ನು ಎಲ್ಲಿಂದಲೋ ಹುಡುಕಿ ತಂದು ಆರು ಮಾಡಿದರು. ಗುಂಡುಗಳನ್ನು ಹಿಡಿದಿಡುವ ಪಂಜರವನ್ನು ಪೂರ್ತಿ ಓರೆ ಮಾಡಿದರೆ ಒಂದು ಕಿಂಡಿ ತೆರೆಯುತ್ತದೆ, ಅದರಲ್ಲಿ ಒಂದು ಗುಂಡು ಇಳಿಸಿ, ಇನ್ನೊಂದು ಕಡೆಗೆ ಓರೆ ಮಾಡಿ ಮತ್ತೊಂದು. ಆರನೆಯದು ಕೂರುವ ಹೊತ್ತಿಗೆ ಮೊದಲನೆಯದು ಜಿಗಿದು ಹುಣಸೆಮರದ ಬುಡಕ್ಕೆ. ಮೂರು ಸಂಜೆ ಹಿಡಿಯಿತು. ಕೊನೆಯ ಗುಂಡು ಕೂತು ಕೀಲು ಎಲ್ಲ ಕಡೆಗೂ ಮೆತ್ತಗೆ ಬಾಗಿದಾಗ ಉಸ್ತಾದ್ ಅದನ್ನು ಕೈಯಲ್ಲಿ ಹಿಡಿದು ಮಗುವಿನ ಕತ್ತಿನ ಹಾಗೆ ಆ ಕಡೆ ಈ ಕಡೆ ಹೊರಳಿಸಿದರು. "ಮಾಡಿದವನು ಭಾರಿ ಆಸಾಮಿ" ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅವರು ಗಿರಾಕಿಯ ಮುಖಕ್ಕೇ ಹೇಳಿದ್ದನ್ನು ಹೆದರಿಕೆ ಅಂದುಕೊಂಡಿದ್ದವನು ನಾನು. ಗೊತ್ತಿಲ್ಲದೆ ಬಾಯಿ ಮುಚ್ಚಿ ಹೊಲಿದವನೂ ನಾನೇ.

ಹಾಗೆಂದು ಅವರನ್ನು ಗೋಡೆಯ ಮೇಲೆ ಪಟ ಮಾಡಿ ತೂಗುಹಾಕಲು ನನಗೆ ಮನಸ್ಸಿಲ್ಲ. ಕೀಲು ಬಿಚ್ಚಲು ಕಲಿತರೂ ಅವರು ಮಾರುತಿ ಮೆಕ್ಯಾನಿಕ್ ಆಗಲಿಲ್ಲ. ಮುಂದಿನ ಟೈರು ಬೇಗ ಸವೆಯುತ್ತದೆಂದು ಯಾರಾದರೂ ಬಂದರೆ ಕೊನೆಯ ತನಕ ದಾರ ಕಟ್ಟಿ ಅಲೈನ್‌ಮೆಂಟ್ ನೋಡಿ, ಎಲ್ಲ ಸರಿ ಐತೆ ಎಂದು ಕಳಿಸುತ್ತಿದ್ದರು. ಎಳೆಯುವುದು, ತಿರುಗಿಸುವುದು, ಬ್ರೇಕಿನ ಮುಕ್ಕಾಲು ಭಾರ ಹೊರುವುದು ಎಲ್ಲ ಆ ಎರಡೇ ಟೈರಿನ ಮೇಲೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದುಮುಂದು ಬದಲಾಯಿಸದೆ ಬೇರೆ ದಾರಿಯಿಲ್ಲ. ಎರಡೇ ಹೊಸ ಟೈರು ಕೊಂಡರೆ ಅವು ಹಿಂದಕ್ಕೆ ಹೋಗಬೇಕೆಂದು ನಾನು ಹೇಳಿದರೆ ಇಂದಿಗೂ ಜನ ನಂಬುವುದಿಲ್ಲ. ಮುಂದೆ ಹಿಡಿತ ತಪ್ಪಿದರೆ ಕಾಲು ಸಡಿಲಿಸಿ ತಹಬಂದಿಗೆ ತರಬಹುದು, ಮಳೆಯಲ್ಲಿ ಇಂಥ ಕಾರಿನ ಬಾಲ ಜಾರಿದರೆ ಹಿಡಿಯುವುದು ಎಲ್ಲರ ಕೈಲಾಗುವ ಮಾತಲ್ಲ. ಅಂಬಾಸಿಡರುಗಳು ಕಮ್ಮಿಯಾದ ಹಾಗೆ ಗಿರಾಕಿಗಳೂ ಕಮ್ಮಿಯಾದರು. ನಾನು ಅದಕ್ಕೆ ಮೊದಲೇ ಗಣಿತ ಪಾಸು ಮಾಡಿಕೊಂಡು, ಐ.ಟಿ.ಐ. ಸೇರಿ, ಪೀಣ್ಯದ ಲೇತ್ ಮುಂದೆ ನಿಂತಿದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎರಡು ತಿಂಗಳ ಮೇಲೆ. ಗ್ಯಾರೇಜಿನ ಬಾಲ್ಯವನ್ನು ಬಂಗಾರ ಮಾಡಿ ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ. ಹದಿನಾರರ ಹುಡುಗನನ್ನು ಜಾಕಿಯ ಮೇಲಿದ್ದ ಲಾರಿಯ ಅಡಿಗೆ ಕಳಿಸುತ್ತಿದ್ದರು. ನನ್ನ ಮಗನನ್ನು ನಾನು ಕಳಿಸಲಾರೆ.

ಮಗ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದ. "ಅಪ್ಪಾ, ಟೇಪ್ ಸುತ್ತಿದ್ರೆ ಬೆಂಗಳೂರು ತನಕ ಹೋಗುತ್ತಂತೆ." ಹೆಂಗಸು ತನ್ನ ಕಡೆಯಿಂದ ಗೋಣಿದಾರ ಕೊಡಲು ತಯಾರಿದ್ದಳು. ಬೇಡ ಅಂದೆ. ಸುಮ್ಮನಿದ್ದವಳು ಕುಡುಗೋಲು ವಾಪಸು ತಗೊಳ್ಳುತ್ತ, "ಏನ್ ಮಾಡಾಣಣ್ಣ, ಕಣ ಮಾಡಾಕೆ ಆಳಿಲ್ಲ, ರೋಣಗಲ್ಲು ಎಳೆಯಾಕೆ ಎತ್ತಿಲ್ಲ" ಅಂದಳು. ಎತ್ತಿನ ಜಾಗಕ್ಕೆ ನಮ್ಮ ಕಾರು ಬಂದಿತ್ತು.

ನಿಧಾನಕ್ಕೆ ಮಧುಗಿರಿ ಸೇರಿದೆವು. ಹಳೆಯ ಗ್ಯಾರೇಜಿನ ಜಾಗದಲ್ಲಿ ಈಗ ಬೇಕರಿ, ಹುಣಸೆಮರ ರಸ್ತೆ ಅಗಲವಾಗುವಾಗ ಹೋಗಿದೆ. ಅದರಾಚೆ ಒಬ್ಬ ಹುಡುಗನ ವರ್ಕ್‌ಶಾಪ್. ಪಾವಗಡ ಸೋಲಾರ್ ಪಾರ್ಕಿಗೆ ಓಡಾಡುವ ಬಾಡಿಗೆ ಕಾರುಗಳು ಅವನ ಗಿರಾಕಿಗಳು. ಹದಿಮೂರು ಸಾವಿರ ಎಕರೆ, 2,050 ಮೆಗಾವ್ಯಾಟ್. ಕಡಲೆಕಾಯಿ ಬೆಳೆಯುತ್ತಿದ್ದ ಆ ಸೀಮೆಯಲ್ಲಿ ಈಗ ಬಿಸಿಲೇ ಬೆಳೆ. ಹೊಸ ಬ್ಯಾಟರಿ ಕಾರುಗಳೂ ಬರುತ್ತವೆ, ಎಂಜಿನ್ ಇಲ್ಲದಿದ್ದರೂ ಅವುಗಳಿಗೂ ಇದೇ ಕೀಲು, ಇದೇ ಬೂಟು. ಅವುಗಳಲ್ಲಿ ಕೆಲವು ಮತ್ತೆ ಹಿಂದಿನ ಚಕ್ರದಿಂದ ನೂಕತೊಡಗಿವೆ ಎಂದು ಆ ಹುಡುಗ ಹೇಳಿದಾಗ ಉಸ್ತಾದ್ ಇರಬೇಕಿತ್ತು ಅನ್ನಿಸಿತು.

ಅವನು ಆಕ್ಸಲ್ ಇಳಿಸಿ, ಪೆಟ್ರೋಲಿನಲ್ಲಿ ಮೂರು ಸಲ ತೊಳೆದ. ನಾಲ್ಕನೆಯ ಸಲಕ್ಕೆ ನಾನೇ ಹೇಳಿದೆ. "ಸಾರ್, ನಿಮ್ಗೆ ಕೆಲ್ಸ ಗೊತ್ತಾ?" ಅಂದ. ಗುಂಡುಗಳ ಮೈ ಇನ್ನೂ ಕನ್ನಡಿಯ ಹಾಗಿತ್ತು, ತೋಡಿನಲ್ಲಿ ಉಗುರಿಗೆ ತಗಲುವ ಗೀರಿರಲಿಲ್ಲ. ಹೊಸ ಬೂಟು, ಒಂದು ಪೊಟ್ಟಣ ಕರಿ ಗ್ರೀಸ್, ಎರಡು ಕ್ಲ್ಯಾಂಪು. ಕಾಯುವಾಗ ಮಗನಿಗೆ ಶ್ರಾವಣದ ಕಥೆ ಶುರುಮಾಡಿದೆ. "ನಮ್ಮ ಗ್ಯಾರೇಜಿನಲ್ಲಿ ಒಬ್ಬ ಹುಡುಗ..." ಅಂದವನು ಅಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳಿದೆ. ಅವನು ಇಪ್ಪತ್ತು ರೂಪಾಯಿ ಏನು ಮಾಡಿದೆ ಎಂದು ಮಾತ್ರ ಕೇಳಿದ. ಎರಡು ಸಿನಿಮಾ, ಉಳಿದದ್ದಕ್ಕೆ ಖಾರಾಬೂಂದಿ.

ಸಂಜೆ ಕಾರನ್ನು ಒಂದು ಖಾಲಿ ಮೈದಾನಕ್ಕೆ ತೆಗೆದುಕೊಂಡು ಹೋದೆವು. ಕಿಟಕಿ ಇಳಿಸಿ, ರೇಡಿಯೋ ಆರಿಸಿ, ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಫಸ್ಟ್ ಗೇರಿನಲ್ಲಿ ಸುತ್ತು ಹಾಕಲು ಹೇಳಿ, ನಾನು ಹೊರಗೆ ನಿಂತೆ. ಬಂಡೆಯ ನೆರಳು ಊರಿನ ಮೇಲೆ ಇಳಿಯುತ್ತಿತ್ತು. ಬಲಕ್ಕೆ ಎರಡು ಸುತ್ತು, ಎಡಕ್ಕೆ ಎರಡು ಸುತ್ತು. ಸದ್ದಿಲ್ಲ. ಮಗ ನಿಲ್ಲಿಸಿ ತಲೆ ಹೊರಗೆ ಹಾಕಿ, "ಸರಿಯಾಗಿದೆಯಲ್ಲ, ಹೋಗೋಣ್ವಾ?" ಅಂದ.

ಇನ್ನೊಂದು ಸುತ್ತು ಹಾಕು ಅಂದೆ.